ಬೀಗರ ಊಟಕ್ಕೆ ಬಾರದ ಮೀನು

ನನ್ನ ಬೀಳ್ಕೊಡುಗೆಯ ದಿನ ಆಫೀಸಿನವರು ತರಿಸಿದ್ದ ಕೇಕಿನ ಮೇಲೆ ಸಕ್ಕರೆಯ ಸಾಲ್ಮನ್ ಮೀನೊಂದು ಬಾಲ ಎತ್ತಿಕೊಂಡು ಕೂತಿತ್ತು. ತಲೆಯ ಭಾಗ ನನಗೇ ಸೇರಬೇಕೆಂದು ಎಲ್ಲರೂ ಚಪ್ಪಾಳೆ ತಟ್ಟಿ ಕತ್ತರಿಸಿ ಕೊಟ್ಟರು. ಬರೀ ಸಕ್ಕರೆ ಎಂದು ಗೊತ್ತಿದ್ದರೂ ಬಾಯಿಗಿಡಲಾಗಲಿಲ್ಲ. ಮೀನನ್ನು ತಟ್ಟೆಯ ಅಂಚಿಗೆ ಸರಿಸಿ, ಕೆಳಗಿನ ಕೇಕನ್ನಷ್ಟೇ ತಿಂದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ನನ್ನ ಕುರ್ಚಿಗೆ ಹೊಸದಾಗಿ ಬಂದಿದ್ದ ಹುಡುಗಿ ನೋಡಿದ್ದಳು. ಮನೆಗೆ ಹೊರಡುವಾಗ ಕಾರಿನವರೆಗೂ ಬಂದು, “ಆಂಟಿ, ಈ ಕೆಲಸ ನಿಜವಾಗ್ಲೂ ಹೇಗಿತ್ತು ಅಂತ ಬರೆದುಕೊಡಿ, ಟ್ರೇನಿಂಗ್‌ನಲ್ಲಿ ಅದ್ಯಾವುದೂ ಹೇಳಲ್ಲ” ಅಂದಳು. ಅವಳಿಗಾಗಿ, ಮತ್ತು ಅವಳ ಹಾಗೆ ಮುಂದೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಮ್ಮೆಯ ಸಂಗತಿಗಳನ್ನು ಹುಡುಕಿದೆ. ಕೈಗೆ ಸಿಕ್ಕಿದ್ದೆಲ್ಲ ನಾಚಿಕೆಯವೇ.

ಕೆಲಸವೇನೆಂದು ಮೊದಲು ಹೇಳಿಬಿಡುತ್ತೇನೆ. ಸ್ಯಾನ್ ಹೊಸೆಯಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೂ ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೂ ನಡುವೆ ನಮ್ಮ ಪುಟ್ಟ ಆಫೀಸು. ಅಲಾಸ್ಕಾಗೆ ಹೋಗಿ ಸಾಲ್ಮನ್, ಹ್ಯಾಲಿಬಟ್ ಹಿಡಿಯಬೇಕೆನ್ನುವವರಿಗೆ ನಾವು ಪ್ರವಾಸ ಹೊಂದಿಸಿಕೊಡುತ್ತಿದ್ದೆವು. ಸಾಲ್ಮನ್ ನದಿಗೆ ಏರಿ ಬರುವ ಮೀನು. ಯಾವ ಜಾತಿ ಯಾವ ವಾರ ಯಾವ ನದಿಗೆ ಬರುತ್ತದೆಂದು ತಿಳಿದಿರಬೇಕು. ಹ್ಯಾಲಿಬಟ್ ಸಮುದ್ರದ ತಳದಲ್ಲಿ ಚಪ್ಪಟೆಯಾಗಿ ಮಲಗಿರುವ ಮೀನು, ಬೆಳೆದರೆ ಬಾಗಿಲಿನಷ್ಟು ಅಗಲ. ಅದಕ್ಕೆ ದೋಣಿಯಲ್ಲಿ ದೂರ ಹೋಗಬೇಕು. ಲಾಡ್ಜು, ದಾರಿ ತೋರಿಸುವ ಗೈಡು, ಲೈಸೆನ್ಸು, ಬೂಟು, ವಿಮಾನ, ಕೊನೆಗೆ ಹಿಡಿದ ಮೀನನ್ನು ಹೆಪ್ಪುಗಟ್ಟಿಸಿ ಡಬ್ಬದಲ್ಲಿ ಮನೆಗೆ ತರುವ ವ್ಯವಸ್ಥೆ, ಎಲ್ಲ ನಮ್ಮದೇ. ನಮ್ಮ ಬಾಸ್ ಕಾರ್ಲ್ ಎನ್ನುವವರು. ಎತ್ತರದ ಮನುಷ್ಯ, ಮಾತು ಕಮ್ಮಿ, ಹಲ್ಲುಕಡ್ಡಿ ಕಚ್ಚಿಕೊಂಡೇ ಫೋನಿನಲ್ಲಿ ಮಾತಾಡುತ್ತಿದ್ದರು. ಮಗಳು ಸ್ಕೂಲಿಗೆ ಸೇರಿದ ಮೇಲೆ ಮನೆಯಲ್ಲಿ ಕೂತು ಬೇಸತ್ತಿದ್ದ ನಾನು “ಟ್ರಾವೆಲ್ ಆಫೀಸಿಗೆ ಬೇಕಾಗಿದ್ದಾರೆ” ಅನ್ನುವುದನ್ನಷ್ಟೇ ಓದಿಕೊಂಡು ಹೋದವಳು. ಗೋಡೆಯ ಮೇಲೆ ಬಾಯಿ ತೆರೆದ ದೊಡ್ಡ ಮೀನನ್ನು ನೋಡಿದಾಗ ಎದ್ದುಬರಬೇಕಿತ್ತು. ಕಾರ್ಲ್ ಅಷ್ಟರಲ್ಲಿ ಕಾಫಿ ತಂದಿಟ್ಟಿದ್ದರು. ಕಾಫಿ ಬಿಟ್ಟು ಏಳುವುದು ಮೈಸೂರಿನವಳಾದ ನನ್ನ ಕೈಯಲ್ಲಿ ಆಗಲಿಲ್ಲ.

ನಾನು ಮೊಟ್ಟೆಯನ್ನೂ ಮನೆಗೆ ತರದ ಮನೆತನದವಳು. ಮನೆಯವರಾದ ಮೋಹನ ಕೆಲಸದ ಸುದ್ದಿ ಕೇಳಿ ನಕ್ಕು ಸುಮ್ಮನಾದರು. ನಾನು ಮಾತ್ರ ಸುಮ್ಮನಾಗಲಿಲ್ಲ, ಮುಚ್ಚಿಟ್ಟೆ. ಸರಟೋಗಾದಲ್ಲಿ ಗೆಳತಿಯರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಯಾರಾದರೂ ಏನು ಕೆಲಸವೆಂದು ಕೇಳಿದರೆ “ಟ್ರಾವೆಲ್” ಎಂದು ಹೇಳಿ ಚಟ್ನಿಯ ಮಾತು ತೆಗೆಯುತ್ತಿದ್ದೆ. ಆಫೀಸಿನ ಕಾರ್ಡಿನ ಮೇಲೆ ಎಗರುವ ಮೀನಿನ ಚಿತ್ರವಿತ್ತು. ಯಾರಿಗಾದರೂ ಕೊಡಬೇಕಾದರೆ ಹೆಬ್ಬೆರಳನ್ನು ಸರಿಯಾಗಿ ಮೀನಿನ ಮೇಲಿಟ್ಟು ಕೊಡುತ್ತಿದ್ದೆ. ಒಂದು ಸಲ ಯುಗಾದಿ ಕಾರ್ಯಕ್ರಮದಲ್ಲಿ ನಮ್ಮ ಗಿರಾಕಿಯೊಬ್ಬರು ಒಬ್ಬಟ್ಟಿನ ಸಾಲಿನಲ್ಲಿ ನನ್ನನ್ನು ನೋಡಿ, “ಓ, ನಮ್ಮ ಫಿಶ್ ಮೇಡಂ!” ಎಂದು ಕೂಗಿದರು. ನನ್ನ ಹಿಂದೆ ನಿಂತಿದ್ದ ವೇದಪಾಠದ ಗುಂಪಿನ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದರು. ನೆಲ ಬಿರಿದು ನುಂಗಬಾರದೆ ಅನ್ನಿಸಿತು. ಮಾಡೋದೆಲ್ಲಾ ಅನಾಚಾರ, ಮನೆ ಮುಂದೆ ಬೃಂದಾವನ ಅನ್ನುತ್ತಾರಲ್ಲ, ನನ್ನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಜವಾಗಲೂ ತುಳಸಿಕಟ್ಟೆಯಿತ್ತು.

ಮುಚ್ಚಿಟ್ಟದ್ದು ಸಾಲದು ಎಂದು ಸುಳ್ಳನ್ನೂ ಮಾರಿದೆ. ಗಾಳ ಹಿಡಿದವಳೇ ಅಲ್ಲ ನಾನು. ಆದರೆ ಫೋನಿನಲ್ಲಿ, “ಆ ಮೊದಲ ಎಳೆತ ಇದೆಯಲ್ಲ, ಭುಜದವರೆಗೂ ಜುಮ್ಮೆನ್ನುತ್ತದೆ” ಎಂದು ಕಾರ್ಲ್ ಹೇಳುತ್ತಿದ್ದ ಮಾತನ್ನು ಕಾರ್ಲ್ ಉಸಿರು ಎಳೆಯುತ್ತಿದ್ದ ಜಾಗದಲ್ಲೇ ಉಸಿರೆಳೆದು ಹೇಳುತ್ತಿದ್ದೆ. ನೀವು ಹಿಡಿದದ್ದರಲ್ಲಿ ದೊಡ್ಡದು ಯಾವುದೆಂದು ಯಾರಾದರೂ ಕೇಳಿದರೆ, “ಹೇಳಿಕೊಳ್ಳುವಂಥದ್ದೇನಿಲ್ಲ” ಅನ್ನುತ್ತಿದ್ದೆ. ಅದು ಶುದ್ಧ ನಿಜ. ಕೇಳಿದವರು ಎಷ್ಟು ವಿನಯವಂತೆ ಎಂದುಕೊಳ್ಳುತ್ತಿದ್ದರು.

ಬಾಳೆಹಣ್ಣಿನ ಪ್ರಸಂಗ ನನ್ನ ಮೊದಲ ದೊಡ್ಡ ಎಡವಟ್ಟು. ಬೆಂಗಳೂರಿನ ಡಾಕ್ಟರರೊಬ್ಬರು ತಂದೆ ತಾಯಿಯನ್ನೂ ಕರೆದುಕೊಂಡು ಹ್ಯಾಲಿಬಟ್ ದೋಣಿಗೆ ಹೊರಟಿದ್ದರು. ತಾಯಿ ಸಸ್ಯಾಹಾರಿ. ದೋಣಿಯಲ್ಲಿ ಅವರು ಉಪವಾಸ ಬೀಳಬಾರದೆಂದು ಬೇಕಾದಷ್ಟು ಬಾಳೆಹಣ್ಣು ಒಯ್ಯಿರಿ ಎಂದು ನಾನೇ ಹೇಳಿದ್ದೆ. ಆಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮುದ್ರಕ್ಕಿಳಿಯುವ ಮುಂಚೆ ಗಂಗೆ ಪೂಜೆ ಆಗಲಿ ಎಂದು ತೆಂಗಿನಕಾಯಿ, ಅರಿಶಿನ, ಒಂದು ಚಿಪ್ಪು ಬಾಳೆಹಣ್ಣು ದೋಣಿಯ ಮೂತಿಯ ಮೇಲೆ ಇಟ್ಟರಂತೆ. ದೋಣಿಯ ಕ್ಯಾಪ್ಟನ್ ಎಂಜಿನ್ ನಿಲ್ಲಿಸಿ ದಡಕ್ಕೆ ಹಾರಿಬಿಟ್ಟ. ಆ ಕಡೆಯ ಮೀನುಗಾರರಿಗೆ ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮಹಾ ಅಪಶಕುನ, ನಮಗೆ ಬೆಕ್ಕು ಅಡ್ಡ ಬಂದಂತೆ. ಹಣ್ಣು ಇಳಿಯುವವರೆಗೆ ದೋಣಿ ಹೊರಡುವುದಿಲ್ಲ ಎಂದು ಅವನು, ದೇವರ ಮುಂದಿಟ್ಟ ಹಣ್ಣನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ ಎಂದು ಈಕೆ. ಇಬ್ಬರ ಫೋನೂ ನನಗೆ. ಕಾರ್ಲ್ ನನ್ನ ಕೈಯಿಂದ ಫೋನ್ ತೆಗೆದುಕೊಂಡು, “ಎಲ್ಲರೂ ದಡದಲ್ಲೇ ನಿಂತು ತಿಂದುಬಿಡಿ, ಕ್ಯಾಪ್ಟನ್ ನೀನೂ ಒಂದು ತಿನ್ನು” ಅಂದರು. ಪ್ರಸಾದ ಹಂಚಿ ಮುಗಿದ ಮೇಲೆ ದೋಣಿ ಹೊರಟಿತು. ಫೋನಿಟ್ಟು ಕಾರ್ಲ್ ನನಗೆ ಬೈಯಲಿಲ್ಲ. “ನಿನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿದೆ ಅಂದುಕೊಳ್ಳಬೇಡ, ಕೇಳು” ಎಂದಷ್ಟೇ ಹೇಳಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಸುಲಭ.

ಆಗ ಎಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಬಣ್ಣದ ಪುಸ್ತಿಕೆ ಅಂಚೆಯಲ್ಲಿ ಕಳಿಸಿ, ಅವರು ಓದಿ, ಮತ್ತೆ ಫೋನ್ ಮಾಡಿ, ಮಾತಿಗೆ ಮಾತು ಬೆಳೆದು ಮಂಡಿ ನೋವು, ಮಗನ ಪರೀಕ್ಷೆ ಎಲ್ಲ ತಿಳಿಯುತ್ತಿತ್ತು. ಆಮೇಲೆ ವೆಬ್‌ಸೈಟು ಬಂತು, ಜನ ತಾವೇ ಚೌಕಗಳಲ್ಲಿ ಗುರುತು ಹಾಕತೊಡಗಿದರು. ಈಗಂತೂ ಕಂಪ್ಯೂಟರೇ ಮಾತಾಡಿಸುತ್ತದೆ. ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಫೋನಿನ ಕಾಲದಲ್ಲೂ ನಾನು ಕೇಳದೆ ಬಿಟ್ಟ ಪ್ರಶ್ನೆ ಒಂದಿತ್ತು. ಹಿಡಿದ ಮೀನನ್ನು ಏನು ಮಾಡುತ್ತೀರಿ? ಅದೊಂದನ್ನು ನಾನು ಯಾರನ್ನೂ ಕೇಳುತ್ತಿರಲಿಲ್ಲ. ಕೆಲವರು ಕೇಳದೆಯೇ ಶುರುಮಾಡುತ್ತಿದ್ದರು, ಹೀಗೆ ಸೀಳಬೇಕು, ಹಾಗೆ ಹುರಿಯಬೇಕು ಎಂದು. ನಾನು ಫೋನನ್ನು ಕಿವಿಯಿಂದ ದೂರ ಹಿಡಿದು, ಮಾತು ನಿಂತ ಕೂಡಲೇ “ಬೂಟಿನ ಸೈಜ್ ಹೇಳಿ” ಅನ್ನುತ್ತಿದ್ದೆ. ಹೊಟ್ಟೆ ತೊಳಸುತ್ತದೆ ಎಂಬ ನೆಪ ಇತ್ತು. ಹೊಟ್ಟೆಗಿಂತ ಮೇಲೆ, ತಲೆಯೊಳಗೆ, ಇವರಿಗಿಂತ ನಾನು ಒಂದು ಮೆಟ್ಟಿಲು ಎತ್ತರದಲ್ಲಿದ್ದೇನೆ ಎಂಬ ಭಾವವೂ ಇತ್ತು. ಅದನ್ನು ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ.

ನಮ್ಮ ಲಾಡ್ಜುಗಳಲ್ಲಿ ಒಂದಷ್ಟು, ಮೀನನ್ನು ಹಿಡಿದು ಮತ್ತೆ ನೀರಿಗೇ ಬಿಡುವ ಜಾಗಗಳು. ಗಾಳಕ್ಕೆ ಸಿಕ್ಕ ಮೀನಿನೊಂದಿಗೆ ಫೋಟೊ ತೆಗೆಸಿಕೊಂಡು, ಕೊಕ್ಕೆ ಬಿಡಿಸಿ, ಹೊಳೆಗೆ ಬಿಡುತ್ತಾರೆ. ಸಾಲ್ಮನ್ ಸಂತತಿ ಕಮ್ಮಿಯಾಗುತ್ತಿರುವ ನದಿಗಳಲ್ಲಿ ಅದೇ ನಿಯಮ. ಅಂಥ ಜಾಗಗಳ ಬಗ್ಗೆ ಮಾತಾಡುವಾಗ ನನ್ನ ದನಿಗೆ ತಾನಾಗಿ ಜೇನು ಸೇರುತ್ತಿತ್ತು. ಗಿರಾಕಿ ಎರಡು ಮನಸ್ಸಿನಲ್ಲಿದ್ದರೆ ನಾನು ಅತ್ತಲೇ ತಳ್ಳುತ್ತಿದ್ದೆ. ಒಂದಿಷ್ಟು ಜೀವ ಉಳಿಸಿದೆ ಎಂದು ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಇನ್ನು ಶಿವಣ್ಣನವರ ವಿಷಯಕ್ಕೆ ಬರುತ್ತೇನೆ. ಮೇಲಿನದೆಲ್ಲ ಅದಕ್ಕೆ ಪೀಠಿಕೆ.

ಮಂಡ್ಯ ಕಡೆಯ ಶಿವಣ್ಣ ಸ್ಯಾನ್ ಹೊಸೆಯಲ್ಲಿ ಚಿಪ್ ಕಂಪನಿಯ ಎಂಜಿನಿಯರು. ಅವರ ಮಗಳು ಮೇಘನಾ ಇಲ್ಲೇ ಹುಟ್ಟಿದವಳು. ಅವಳ ಮದುವೆ, ಇಲ್ಲಿಗೆ ಬಂದು ನೆಲೆಸಿದ್ದ ಹಾಸನದ ಹುಡುಗನ ಜೊತೆ ಇಲ್ಲಿನ ದೇವಸ್ಥಾನದ ಹಾಲ್‌ನಲ್ಲಿ ಆಯಿತು. ಅಲ್ಲಿ ಮಾಂಸದ ಅಡುಗೆ ಕೂಡದು. ಹಾಗಾಗಿ ಮಾರನೆಯ ದಿನದ ಬೀಗರ ಊಟವನ್ನು ಶಿವಣ್ಣ ಒಂದು ರೆಸ್ಟೋರೆಂಟಿನಲ್ಲಿ ಇಟ್ಟುಕೊಂಡರು. ಗಂಡಿನ ತಂದೆ ಬೋರೇಗೌಡರು ಹಾಸನದಲ್ಲಿ ಹೈಸ್ಕೂಲು ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಬೀಗರ ಊಟವೆಂದರೆ ಹೆಣ್ಣಿನ ಕಡೆಯವರು ಬೀಗರನ್ನು ಕೂರಿಸಿ, ಬೇಡ ಬೇಡ ಎಂದರೂ ಬಿಡದೆ ಎಲೆಗೆ ಬಡಿಸಬೇಕು. ರೆಸ್ಟೋರೆಂಟಿನವರು ಬೋರೇಗೌಡರ ಕೈಗೆ ತಟ್ಟೆ ಕೊಟ್ಟು ಬಫೆ ಸಾಲಿನಲ್ಲಿ ನಿಲ್ಲಿಸಿದರು. ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದು ಕಾರಿನಲ್ಲಿ ಕೂತರು. ಇಲ್ಲೇ ಮಗನ ಮನೆಯಲ್ಲಿ ಉಳಿದುಕೊಂಡಿದ್ದರೂ ಅಂದಿನಿಂದ ಸೊಸೆಯ ತವರಿನ ಹೊಸಿಲು ತುಳಿದಿರಲಿಲ್ಲ. ಎಷ್ಟು ಕರೆದರೂ ಮಂಡಿ ನೋವು, ತಲೆ ನೋವು. ಇಬ್ಬರ ನಡುವೆ ಸಿಕ್ಕಿ ಮೇಘನಾ ನವೆಯುತ್ತಿದ್ದಳು. ಕೊನೆಗೆ ಹೇಮಾವತಿ ಹೊಳೆಯಲ್ಲಿ ಗಾಳ ಹಾಕಿ ಬೆಳೆದ ಬೋರೇಗೌಡರಿಗೆ ಮೀನಿನ ಹುಚ್ಚಿದೆ ಎಂದು ಅಳಿಯನಿಂದ ತಿಳಿದು, ಅಲಾಸ್ಕಾಗೆ ಹೋಗೋಣವೇ ಎಂದು ಶಿವಣ್ಣ ಕೇಳಿಸಿದರು. “ಮೀನು ಅಂದ್ರೆ ಬತ್ತೀನಿ” ಎಂದು ಬೋರೇಗೌಡರು ಒಪ್ಪಿದರು.

ಇದಿಷ್ಟನ್ನೂ ಶಿವಣ್ಣ ನನಗೆ ಫೋನಿನಲ್ಲಿ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ ಅನ್ನುವ ಹಾಗಿಲ್ಲ.

“ಮೇಡಂ, ಸಾಲ್ಮನ್ನೂ ಇರಲಿ, ಹ್ಯಾಲಿಬಟ್ಟೂ ಇರಲಿ. ವಾಪಸ್ ಬಂದ್ಮೇಲೆ ಭಾನುವಾರ ನಮ್ಮನೇಲಿ ಬೀಗರ ಊಟ ಇದೆ, ಅದು ನೆನಪಿಟ್ಕೊಂಡು ಪ್ಲಾನ್ ಮಾಡಿ” ಅಂದರು.

“ಖಂಡಿತ” ಅಂದೆ. ಬೀಗರ ಊಟವೆಂದರೆ ಬಾಡೂಟ ಎಂದು ಮೈಸೂರಿನಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಕುರಿ, ಕೋಳಿ ಎಂದು ನನ್ನ ಲೆಕ್ಕ. ಮೀನಿನದೇ ಊಟ ಎಂದು ಹೊಳೆಯಲಿಲ್ಲ. ಅವರು “ಅದರಲ್ಲಿ ಏನೇನು ಮಾಡ್ಬೇಕು ಅಂತ ಯಶೋದಾ ಆಗ್ಲೇ...” ಎಂದು ಹೆಂಡತಿಯ ಅಡುಗೆಯ ಮಾತು ತೆಗೆದಾಗ ನಾನು ಎಂದಿನ ಹಾಗೆ ಫೋನನ್ನು ದೂರ ಹಿಡಿದೆ. ಮಾತು ನಿಂತಿತು. “ಬೀಗರ ಬೂಟಿನ ಸೈಜ್ ಹೇಳಿ ಸಾರ್” ಅಂದೆ.

ಆಮೇಲೆ ನನ್ನ ಜಾಣತನವನ್ನೆಲ್ಲ ಸುರಿದೆ. ವಯಸ್ಸಾದವರಿಗೆ ಸಮುದ್ರದ ಅಲೆ ಆಗಿಬರುವುದಿಲ್ಲ, ಹ್ಯಾಲಿಬಟ್ ಬಿಟ್ಟುಬಿಡಿ, ನದಿಯೇ ಸಾಕು ಎಂದು ಶಿವಣ್ಣನವರ ಮನಸ್ಸು ತಿರುಗಿಸಿದೆ. ನಿಜವಾಗಲೂ ವಯಸ್ಸಿನ ಚಿಂತೆ ಇತ್ತು, ಇಲ್ಲವೆನ್ನುವುದಿಲ್ಲ. ಬೆಟ್ಟದ ಮಧ್ಯೆ ತಿಳಿನೀರಿನ ನದಿ, ಒಳ್ಳೆ ಹಾಸಿಗೆ, ಗಾಳಕ್ಕೆ ಸಿಗುವುದು ಗ್ಯಾರಂಟಿ ಅನ್ನುವಂಥ ಲಾಡ್ಜು ಹುಡುಕಿದೆ. ಅದು ಹಿಡಿದು ಬಿಡುವ ಲಾಡ್ಜು. ಆ ನಿಯಮವನ್ನು ಕಳಿಸಿದ ಇಮೇಲಿನಲ್ಲಿ ಬರೆದೂ ಇದ್ದೆ, ಇಂಗ್ಲಿಷಿನಲ್ಲಿ, ಅದೊಂದು ವಿಶೇಷ ಸೌಲಭ್ಯ ಅನ್ನುವ ಧಾಟಿಯಲ್ಲಿ. ಮಗಳ ಸಂಸಾರದ ಚಿಂತೆಯಲ್ಲಿದ್ದ ಮನುಷ್ಯ ಅದನ್ನೆಲ್ಲಿ ಓದುತ್ತಾನೆ? ಭಾನುವಾರದ ಊಟಕ್ಕೆ ತಪ್ಪಬಾರದೆಂದು ಶುಕ್ರವಾರವೇ ಹತ್ತಿರದ ಓಕ್ಲ್ಯಾಂಡಿನಲ್ಲಿ ಇಳಿಯುವ ವಿಮಾನ ಹೊಂದಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವರು ಮರಳುವ ದಿನ ನಾನೂ ಓಕ್ಲ್ಯಾಂಡ್ ಏರ್‌ಪೋರ್ಟಿಗೆ ಹೋದೆ. ಹಾಗೆ ಹೋಗುವುದು ನನ್ನ ಕೆಲಸವಲ್ಲ. ಒಂದು ಸಂಬಂಧ ಕೂಡಿಸಿದ ಸಂಭ್ರಮವನ್ನು ಕಣ್ಣಾರೆ ನೋಡುವ ಆಸೆ. ಮೇಘನಾ, ಅವಳ ಗಂಡ, ತಾಯಿ ಯಶೋದಾ ಸಾಮಾನು ಬರುವ ಬೆಲ್ಟಿನ ಹತ್ತಿರ ಮೊದಲೇ ನಿಂತಿದ್ದರು. ಯಶೋದಾ ಕಾರಿನ ಡಿಕ್ಕಿಯಲ್ಲಿ ಐಸ್ ತುಂಬಿದ ಪೆಟ್ಟಿಗೆ ಇಟ್ಟುಕೊಂಡು ಬಂದಿದ್ದೇನೆ ಎಂದು ಹೇಳಿದಾಗಲೂ ನನಗೆ ಏನೂ ತಟ್ಟಲಿಲ್ಲ.

ಬೆಲ್ಟು ತಿರುಗತೊಡಗಿತು. ಅಲಾಸ್ಕಾದಿಂದ ಬಂದ ವಿಮಾನವಾದ್ದರಿಂದ ಸೂಟ್‌ಕೇಸುಗಳ ನಡುನಡುವೆ ಟೇಪು ಸುತ್ತಿದ ಬಿಳಿ ಡಬ್ಬಗಳು ಬಂದವು, ಮೇಲೆ ಹೆಸರು ಬರೆದಿರುವ ಮೀನಿನ ಡಬ್ಬಗಳು. ಜನ ನಗುತ್ತ, ಒಬ್ಬರಿಗೊಬ್ಬರು ಕೈಜೋಡಿಸಿ ಅವನ್ನು ಎತ್ತಿಕೊಳ್ಳುತ್ತಿದ್ದರು. ಶಿವಣ್ಣ ಬಂದರು, ಹಿಂದೆ ಬೋರೇಗೌಡರು. ಇಬ್ಬರ ನಡುವೆ ಇನ್ನಿಬ್ಬರು ನಡೆಯುವಷ್ಟು ಜಾಗ.

“ಅಪ್ಪ, ವೇರ್ ಇಸ್ ದ ಫಿಶ್? ನಮ್ಮ ಬಾಕ್ಸ್ ಯಾವ್ದು?” ಎಂದು ಮೇಘನಾ ಓಡಿಹೋಗಿ ಕೇಳಿದಳು.

ಶಿವಣ್ಣ ನನ್ನ ಕಡೆ ನೋಡಿದರು. ಸಿಟ್ಟೂ ಇರಲಿಲ್ಲ ಆ ಮುಖದಲ್ಲಿ. ಬೋರೇಗೌಡರು ಬೆಲ್ಟಿನ ಮೇಲೆ ಹೋಗುತ್ತಿದ್ದ ಬೇರೆಯವರ ಡಬ್ಬವೊಂದನ್ನು ಕಣ್ಣಲ್ಲೇ ಹಿಂಬಾಲಿಸಿ, ಅದು ತಿರುವಿನಲ್ಲಿ ಮರೆಯಾದ ಮೇಲೆ ಮಾತಾಡಿದರು.

“ನಿಮ್ಮಪ್ಪನ ಮೀನು ಹೊಳೇಲೇ ಐತೆ ಕಣವ್ವ. ಹಿಡಿಯೋದು, ಫೋಟ ತೆಗ್ಸೋದು, ಬಿಡೋದು. ಹೊಳೇಲಿ ಹುಣಸೆಹಣ್ಣು ತೊಳ್ದಂಗೆ. ಮೊದಲ್ನೇದು ನನ್ನ ಗಾಳಕ್ಕೇ ಬಿತ್ತು. ಆ ಗೈಡು ಇಕ್ಕಳ ಹಾಕಿ ಕೊಕ್ಕೆ ಕಿತ್ತಾಗ ಬಾಯಲ್ಲಿ ರಕ್ತ ಬಂತು. ನೀರಿಗೆ ಬಿಟ್ಟು, ಲಕ್ಕಿ ಫಿಶ್ಶು ಅಂತ ನಗ್ತಾನೆ. ನಾನು ಆಮೇಲೆ ಗಾಳ ಮುಟ್ಟಲಿಲ್ಲ.”

ಶಿವಣ್ಣ ಮೆಲ್ಲಗೆ ನನ್ನನ್ನು ತೋರಿಸಿ, “ಪ್ಲಾನ್ ಮಾಡಿದ ಮೇಡಂ ಇವ್ರೇ” ಅಂದರು.

ಬೋರೇಗೌಡರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. “ತಿನ್ನೋಕಾದ್ರೆ ಹಿಡೀಬೇಕು. ತಿನ್ನಲ್ಲ ಅಂದ್ಮೇಲೆ ಅದರ ಬಾಯಿ ಯಾಕವ್ವ ಹರೀಬೇಕು? ಆಟಕ್ಕೆ ಜೀವ ನೋಯಿಸೋದು ನಮ್ಮ ಕಡೆ ಇಲ್ಲ.”

ಅಷ್ಟೂ ವರ್ಷ ಸಂಜೆಯ ದೀಪದ ಮುಂದೆ ನಾನು ಪುಣ್ಯವೆಂದು ಇಟ್ಟುಕೊಂಡಿದ್ದನ್ನು ಆ ಮನುಷ್ಯ ಬೆಲ್ಟಿನ ಪಕ್ಕ ನಿಂತು ಎರಡು ಮಾತಿನಲ್ಲಿ ಕೆಳಗಿಳಿಸಿದರು. ಅವರು ಹೋಗಿ ಮಗನ ಕಾರಿನಲ್ಲಿ ಕೂತುಬಿಟ್ಟರು. ಭಾನುವಾರದ ಊಟಕ್ಕೆ ಬರುವುದಿಲ್ಲ, ಮುಂದಿನ ವಾರ ಶ್ರಾವಣ ಹುಟ್ಟುತ್ತದೆ, ಆಮೇಲೆ ಊರಿಗೆ ವಿಮಾನ, ಅಲ್ಲಿಗೆ ಎಲ್ಲ ಮುಗಿಯಿತು ಎಂದು ಯಶೋದಾ ಪಾರ್ಕಿಂಗಿನಲ್ಲಿ ಅಳುತ್ತ ಹೇಳಿದರು. ಐಸಿನ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಘನಾ ಯಾರ ಕಾರಿಗೆ ಹತ್ತಬೇಕೆಂದು ತಿಳಿಯದೆ ನಡುವೆ ನಿಂತೇ ಇದ್ದಳು. ಆ ಹುಡುಗಿ ಹಾಗೆ ನಿಂತದ್ದು ನನ್ನಿಂದ.

ಸೀದಾ ಆಫೀಸಿಗೆ ಹೋಗಿ ಕಾರ್ಲ್ ಮುಂದೆ ಎಲ್ಲ ಹೇಳಿದೆ. ಅವರು ಹಲ್ಲುಕಡ್ಡಿ ಬಾಯಿಂದ ತೆಗೆದರು. “ಮೀನು ಯಾತಕ್ಕೆ ಬೇಕು ಅಂತ ಕೇಳಲಿಲ್ಲವೇ?” ಅಂದರು. ಇಲ್ಲ ಅಂದೆ. “ಯಾವತ್ತೂ?” ಯಾವತ್ತೂ ಇಲ್ಲ ಅಂದೆ. ಅವರು “ನನ್ನ ಮನೆಯ ಫ್ರೀಜರಿನಲ್ಲಿ ಹೋದ ತಿಂಗಳು ನಾನೇ ಹಿಡಿದು ತಂದ ಹ್ಯಾಲಿಬಟ್ ಇದೆ, ಸಾಲ್ಮನ್ನೂ ಇದೆ, ಒಯ್ಯಿ” ಅಂದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಕಾರಿಗೆ ಮೀನು ಹತ್ತಿತು. ಫ್ರೀವೇಯಲ್ಲಿ ನಾಲ್ಕೂ ಕಿಟಕಿ ಇಳಿಸಿ ಓಡಿಸಿದೆ. ಗಟ್ಟಿಯಾಗಿ ಹೆಪ್ಪುಗಟ್ಟಿದ ಮೀನಿಗೆ ವಾಸನೆಯೇ ಇರಲಿಲ್ಲ, ಆದರೂ ಇಳಿಸಿದೆ.

ಶಿವಣ್ಣನವರ ಮನೆಗೆ ಒಯ್ದರೆ ಅವರು ಬಾಗಿಲಲ್ಲೇ, “ಮೀನು ಯಾವ ಅಂಗಡೀಲಾದ್ರೂ ಸಿಗತ್ತೆ ಮೇಡಂ, ಬೀಗರು ಸಿಗಬೇಕಲ್ಲ” ಅಂದರು. ಹಾಗಾಗಿ ಮೀನಿನ ಡಬ್ಬವನ್ನು ಅಲ್ಲಿ ಇಳಿಸಿ, ಅಳಿಯನ ಅಪಾರ್ಟ್‌ಮೆಂಟಿಗೆ ನಾನೇ ಹೋದೆ. ಬೋರೇಗೌಡರು ಟೀವಿ ಮುಂದೆ ಬನಿಯನ್ನಿನಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು ಶರ್ಟು ಹಾಕಿಕೊಂಡು ಬಂದು ಕೂತರು.

“ತಪ್ಪು ನಿಮ್ಮ ಬೀಗರದ್ದಲ್ಲ ಸಾರ್. ಅವರು ಹ್ಯಾಲಿಬಟ್ಟೂ ಬೇಕು, ಮೀನು ಮನೆಗೆ ಬೇಕು ಅಂತಲೇ ಕೇಳಿದ್ರು. ನಾನೇ ಅವರ ಮನಸ್ಸು ತಿರುಗಿಸಿ ಅಲ್ಲಿಗೆ ಕಳಿಸಿದೆ. ಈಗ ಬೇರೆ ಮೀನು ತಂದು ಅವರ ಮನೇಲಿ ಇಟ್ಟು ಬಂದಿದೀನಿ” ಅಂದೆ.

“ಯಾಕೆ?”

ವ್ಯಾಪಾರದ ಉತ್ತರ ಬೇಕಾದಷ್ಟು ಇದ್ದವು. ಅಲೆ, ವಯಸ್ಸು, ಹಾಸಿಗೆ. ಹೆಡ್‌ಮಾಸ್ತರ ಮುಂದೆ ಒಂದೂ ಹೊರಡಲಿಲ್ಲ. “ನಾನು ಮೀನು ತಿನ್ನಲ್ಲ. ತಿನ್ನೋರ ಹತ್ರ ತಿನ್ನೋ ಮಾತು ಕೇಳೋಕೆ ಅಸಹ್ಯ ಪಟ್ಕೊಂಡೆ” ಅಂದೆ.

ಬೋರೇಗೌಡರು ಬೈಯುತ್ತಾರೆಂದು ಕಾದೆ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೇಘನಾಳ ಕಡೆ ತಿರುಗಿ, “ನೋಡವ್ವ, ನಿಮ್ಮಪ್ಪ ದುಡ್ಡು ಉಳಿಸೋಕೆ ಹಿಂಗ್ ಮಾಡ್ದ ಅಂದ್ಕೊಂಡಿದ್ದೆ. ಇಂಥೋರ್ ಕೈಗೆ ಸಿಕ್ಕವ್ನೆ, ಪಾಪ” ಅಂದರು. ಮೇಘನಾ ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದಳು. ಆಮೇಲೆ ಅವರು ನನ್ನನ್ನು ಕೇಳಿದರು, “ಈಗ ತಂದಿರೋ ಮೀನು ಯಾರು ಹಿಡ್ದಿದ್ದು?” ನಮ್ಮ ಬಾಸ್ ಎಂದೆ. “ಹಂಗಾದ್ರೆ ಹಿಡ್ದೋನ್ನ ಬಿಟ್ಟು ತಿನ್ನೋದು ಹೆಂಗೆ? ಅವರ್ನೂ ಕರ್ಸು. ನೀನೂ ನಿನ್ನ ಯಜಮಾನ್ರೂ ಬರ್ಬೇಕು.”

ಭಾನುವಾರ ಶಿವಣ್ಣನವರ ಹಿತ್ತಲಿನಲ್ಲಿ ಸಾಲಾಗಿ ಚಾಪೆ ಹಾಸಿ, ಇಂಡಿಯನ್ ಗ್ರೋಸರಿಯಿಂದ ತಂದ ಬಾಳೆಲೆ ಹಾಕಿದ್ದರು. ಮುದ್ದೆ, ಮೀನಿನ ಸಾರು, ಹುರಿದ ತುಂಡುಗಳು. ಕಾರ್ಲ್ ಮಂಡಿ ಮಡಚಲಾರದೆ ಕಾಲು ನೀಡಿಕೊಂಡು ಬೋರೇಗೌಡರ ಪಕ್ಕ ಕೂತಿದ್ದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಹೆಡ್‌ಮಾಸ್ತರು ಅವರಿಗೆ ಕೈಸನ್ನೆಯಲ್ಲಿ ಪಾಠ ಹೇಳುತ್ತಿದ್ದರು. ಶಿವಣ್ಣ ಬಗ್ಗಿ ಬಗ್ಗಿ ಬಡಿಸುತ್ತಿದ್ದರು. ಬೋರೇಗೌಡರು ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬೆರಳಿನ ಸಂದಿಯಲ್ಲಿ ಇನ್ನೊಂದು ತುಂಡು ಬಿತ್ತು. “ಸಾಕು ಕಣಯ್ಯ ಬೀಗ, ಸಾಯಿಸ್ತೀಯಾ?” ಎಂದು ಅವರು ಗದರಿದರು. ಬೀಗ ಎಂಬ ಮಾತು ಕೇಳಿ ಶಿವಣ್ಣ ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಂಡರು.

ಇದನ್ನೆಲ್ಲ ನಾನು ನೋಡಿದ್ದು ಗಾಜಿನ ಬಾಗಿಲ ಒಳಗಿನಿಂದ. ಮೋಹನ ಹೊರಗೆ ಗಂಡಸರೊಂದಿಗೆ ಮೊಸರನ್ನ ತಿನ್ನುತ್ತ ಕೂತಿದ್ದರು. ವಾಸನೆ ತಾಗಬಾರದೆಂದು ನನಗೆ ಮಾತ್ರ ಒಳಗೆ, ಹಿತ್ತಲ ಕಡೆಯ ಕೋಣೆಯಲ್ಲಿ ಎಲೆ ಹಾಕಿ, ಬಾಗಿಲು ಮುಚ್ಚಿ, ಫ್ಯಾನ್ ಹಚ್ಚಿದ್ದರು. ಅನ್ನ, ಬೇಳೆ ಸಾರು, ಹುರುಳಿಕಾಯಿ ಪಲ್ಯ. ಪಾತ್ರೆಗಳು ಹೊಸವು, ಒಂದರ ಮೇಲೆ ಅಂಗಡಿಯ ಚೀಟಿ ಅರ್ಧ ಹರಿದು ಉಳಿದಿತ್ತು. ಸಾರಿನಲ್ಲಿ ಬೆಳ್ಳುಳ್ಳಿ ಇರಲಿಲ್ಲ, ಪಲ್ಯದಲ್ಲಿ ಈರುಳ್ಳಿ ಇರಲಿಲ್ಲ. ತಮ್ಮ ಮಗಳ ಬೀಗರ ಊಟ ಹೊರಗೆ ನಡೆಯುತ್ತಿದ್ದರೂ ಯಶೋದಾ ನನ್ನ ಪಕ್ಕ ಕೂತು ತುಪ್ಪ ಹಾಕುತ್ತಿದ್ದರು. ತುತ್ತು ಬಾಯಿಗಿಡಲು ನನಗೆ ಮುಖವಿರಲಿಲ್ಲ.

“ನಾವು ಈರುಳ್ಳಿ, ಬೆಳ್ಳುಳ್ಳಿ ತಿನ್ನಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದೆ.

“ನಿಮ್ಮ ಯಜಮಾನ್ರಿಗೆ ಫೋನ್ ಮಾಡಿ ಕೇಳ್ದೆ. ಮಿಕ್ಸಿನೂ ಬೇರೆ ಇರ್ಬೇಕಾ ಅಂತ ಆಮೇಲೆ ಅನುಮಾನ ಬಂತು, ಅದಕ್ಕೆ ಇನ್ನೊಂದ್ಸಲ ಮಾಡ್ದೆ” ಅಂದರು ಯಶೋದಾ. ಅದರಲ್ಲೇನು ವಿಶೇಷ ಅನ್ನುವ ಹಾಗೆ ನನ್ನನ್ನು ನೋಡಿ, “ಕೇಳ್ದೆ ಹೆಂಗೆ ಮೇಡಂ ಊಟಕ್ಕೆ ಕರೆಯೋದು?” ಅಂದರು.

ಹೊರಗೆ ಕಾರ್ಲ್ ಮುದ್ದೆ ನುಂಗಿದ್ದಕ್ಕೆ ಎಲ್ಲರೂ ಕೂಗಿ ನಗುತ್ತಿದ್ದರು. ನಾನು ಅನ್ನ ಕಲಸುತ್ತಲೇ ಇದ್ದೆ. ಎಲೆಯನ್ನು ನೋಡುತ್ತಲೇ ಕೇಳಿದೆ, “ಯಶೋದಾ, ಆ ಮೀನಿನ ಸಾರು ಹೇಗೆ ಮಾಡಿದ್ರಿ?”

ತುಪ್ಪದ ಚಮಚ ನಿಂತಿತು. “ಅಯ್ಯೋ, ಊಟದ ಹೊತ್ನಲ್ಲಿ ನಿಮಗೆ ಅಸಹ್ಯ ಆಗಲ್ವಾ?”

“ಆಗತ್ತೆ” ಅಂದೆ. “ಆದ್ರೂ ಹೇಳಿ.”